‘ಸಾರ್ವಜನಿಕರು ಸಹಕರಿಸಬೇಕು’ ಅಂದರೆ ಮನೆಯಲ್ಲಿ ಏನು ಮಾಡಬೇಕು? ಒಳಚರಂಡಿ ಮಂಡಳಿಯ ಸೂಚನೆಗಳ ಬಗ್ಗೆ ಚರ್ಚೆ

ಕೊಳವೆಮಾರ್ಗ
ಒಳಚರಂಡಿ ಮಂಡಳಿಗಳ ಸೂಚನೆಗಳು ಬಹುಪಾಲು ‘ನಿರ್ವಹಣಾ ಕಾಮಗಾರಿ ಇರುವುದರಿಂದ ಸಾರ್ವಜನಿಕರು ಸಹಕರಿಸಬೇಕು’ ಎಂಬಲ್ಲಿಗೆ ಮುಗಿದುಬಿಡುತ್ತವೆ. ಹೇಗೆ ಸಹಕರಿಸಬೇಕು ಅನ್ನುವುದೇ ಅದರಲ್ಲಿ ಇರುವುದಿಲ್ಲ. ಓದಿದವರು ಮಡಚಿ ಇಡುತ್ತಾರೆ, ಮರುದಿನ ಕಮೋಡಿನಿಂದ ನೀರು ಚಿಮ್ಮಿದಾಗ ಕರೆ ಮಾಡುತ್ತಾರೆ. ಆ ಕರೆಗೆ ಕಾರಣ ಕಾಮಗಾರಿಗಿಂತ ಹೆಚ್ಚಾಗಿ ಆ ಕಾಗದವೇ.

ನನ್ನ ಅಭಿಪ್ರಾಯದಲ್ಲಿ ಸೂಚನೆ ಮನೆಯೊಳಗಿಂದ ಶುರುವಾಗಬೇಕು: ಯಾವ ಗಂಟೆಯಿಂದ ಯಾವ ಗಂಟೆಯವರೆಗೆ, ಮನೆಯವರು ಏನು ಮಾಡಬೇಕು, ಏನು ಕಂಡರೆ ಗಾಬರಿ ಬೇಡ, ಏನು ಕಂಡರೆ ತಕ್ಷಣ ಕರೆ ಮಾಡಬೇಕು. ಪೈಪು ತೊಳೆಯುವ ದಿನಕ್ಕೆ ಹೀಗೆ ಬರೆಯಬಹುದು:

‘ಮಂಗಳವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ನಿಮ್ಮ ರಸ್ತೆಯ ಒಳಚರಂಡಿ ಕೊಳವೆಯನ್ನು ಒತ್ತಡದ ನೀರಿನಿಂದ ತೊಳೆಯುತ್ತೇವೆ. ಆ ಹೊತ್ತಿನಲ್ಲಿ ಕಮೋಡಿನ ಮುಚ್ಚಳ ಹಾಕಿಡಿ. ಬಚ್ಚಲ ಜಾಲರಿಯ ಮೇಲೆ ಒದ್ದೆ ಬಟ್ಟೆ ಹರಡಿ ಭಾರ ಇಡಿ. ಗುಳುಗುಳು ಸದ್ದು ಬರಬಹುದು, ಅದರಿಂದ ತೊಂದರೆ ಇಲ್ಲ. ನೀರು ಹೊರಗೆ ಚಿಮ್ಮಿದರೆ ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ, ಕೆಲಸ ನಿಲ್ಲಿಸುತ್ತೇವೆ.’

ಕೆಲಸ ನಿಲ್ಲಿಸುತ್ತೇವೆ ಎಂದು ಬರೆದ ಮೇಲೆ ನಿಲ್ಲಿಸಲೂಬೇಕು. ಹಾಗಾಗಿ ಕೊಡುವ ಸಂಖ್ಯೆ ಕಚೇರಿಯದ್ದಾದರೆ ಸಾಲದು, ಸ್ಥಳದಲ್ಲಿರುವ ಮೇಲ್ವಿಚಾರಕರದ್ದಾಗಿರಬೇಕು.

ಬೇರೆ ಬೇರೆ ಸಂದರ್ಭಗಳಿಗೆ ಏನೇನು ಬರೆಯಬೇಕು ಅನ್ನುವುದನ್ನು ಇಲ್ಲಿ ಕೂಡಿಸೋಣ.

ಜೆಟ್ಟಿಂಗ್‌ಗಾಡಿ
ನೀರು ಯಾಕೆ ಚಿಮ್ಮುತ್ತೆ ಅನ್ನೋದನ್ನೂ ಒಂದೆರಡು ಸಾಲಲ್ಲಿ ಹೇಳಿಬಿಡಿ, ಆಗ ಜನ ನಂಬ್ತಾರೆ. ಕೆಳಗಿನ ಮ್ಯಾನ್‌ಹೋಲಿನಿಂದ ಹೋಸ್ ಬಿಟ್ಟು ಮೇಲ್ಮುಖವಾಗಿ ಕಳಿಸ್ತೀವಿ. ಹೋಸ್ ತುದಿಯಲ್ಲಿರೋ ನಾಝಲಿನ ಹಿಂಭಾಗದ ತೂತುಗಳಿಂದ ನೀರು ಹಿಂದಕ್ಕೆ ಹಾರುತ್ತೆ, ಆ ತಳ್ಳಾಟಕ್ಕೆ ಹೋಸ್ ಮುಂದೆ ಹೋಗುತ್ತೆ, ಹೂಳು ಕೆಳಗಿನ ಗುಂಡಿಗೆ ಬರುತ್ತೆ, ಅಲ್ಲಿಂದ ಸಕ್ಕಿಂಗ್ ಯಂತ್ರ ಎಳ್ಕೊಳ್ಳುತ್ತೆ. ಒತ್ತಡ 140 ಬಾರ್ ಆಸುಪಾಸು ಇರೋದು ಸಾಮಾನ್ಯ. ಮನೆಯ ಪೈಪು ಸೇರೋ ಜಾಗ ದಾಟುವಾಗ ಗಾಳಿ ಆ ಪೈಪಿಗೆ ನುಗ್ಗುತ್ತೆ. ಮನೆಯ ವೆಂಟ್ ಪೈಪ್ ತೆರೆದಿದ್ದರೆ ಗಾಳಿ ಚಾವಣಿ ಮೇಲೆ ಹೋಗಿಬಿಡುತ್ತೆ. ಹಕ್ಕಿಗೂಡೋ ಎಲೆಯೋ ತುಂಬಿ ಅದು ಮುಚ್ಚಿದ್ದರೆ, ಅಥವಾ ವೆಂಟ್ ಇಟ್ಟೇ ಇಲ್ಲದಿದ್ದರೆ, ಟ್ರ್ಯಾಪಿನ (ಜಾಲರಿ, ಕಮೋಡಿನ ಕೆಳಗೆ ನಾತ ತಡೆಯೋಕೆ ನೀರು ನಿಲ್ಲೋ ಬಾಗು) ನೀರನ್ನು ಎತ್ತಿ ಹಾಕಿ ಹೊರಬರುತ್ತೆ.

ಗಾಡಿಯವರ ಕಡೆಯಿಂದಲೂ ತಪ್ಪು ಆಗುತ್ತೆ. ನಾಝಲಿನ ತೂತು ಕೊಳವೆಯ ಉದ್ದಕ್ಕೆ 15 ಡಿಗ್ರಿ ಓರೆ ಇದ್ದರೆ ತಳ್ಳುವ ಶಕ್ತಿ ಜಾಸ್ತಿ, ಗೋಡೆಗೆ ಬಡಿಯೋದು ಕಡಿಮೆ. 35 ಡಿಗ್ರಿ ಮೇಲಿದ್ದರೆ ಗೋಡೆ ಚೆನ್ನಾಗಿ ಉಜ್ಜುತ್ತೆ, ಆದ್ರೆ ಮನೆ ಪೈಪುಗಳಿಗೆ ನೀರು ನುಗ್ಗೋದೂ ಹೆಚ್ಚು. ಮನೆಗಳು ಒತ್ತೊತ್ತಾಗಿರೋ ಕಡೆ, ಕೊಳವೆ ಆಳ ಇಲ್ಲದ ಕಡೆ, ಒತ್ತಡ ಇಳಿಸಿ ನಿಧಾನಕ್ಕೆ ಹೋಗಬೇಕು. ಕೆಲಸ ಮುಗಿದ ಮೇಲೆ ಪ್ರತಿ ಜಾಲರಿಗೂ ಒಂದು ಚೊಂಬು ನೀರು ಹಾಕೋಕೆ ಹೇಳಿ. ನಾಝಲ್ ಹಿಂದಕ್ಕೆ ಎಳೆಯುವಾಗ ಟ್ರ್ಯಾಪಿನ ನೀರನ್ನೂ ಹೀರಿಕೊಂಡು ಹೋಗಿರುತ್ತೆ. ಆಮೇಲೆ ಬರೋ ನಾತ ಅದರದ್ದೇ.

ಕಂಟ್ರೋಲ್‌ರೂಮ್
ಸೂಚನೆ ಒಂದು ದಿಕ್ಕಿನ ಮಾತಾದರೆ ದೂರಿನ ಕರೆ ಇನ್ನೊಂದು ದಿಕ್ಕಿನದು. ಕರೆ ತೆಗೆದುಕೊಳ್ಳುವವರು ‘ವಿಳಾಸ ಹೇಳಿ, ಜನ ಕಳಿಸ್ತೀವಿ’ ಎಂದಷ್ಟೇ ಹೇಳಿ ಇಟ್ಟರೆ ಗಾಡಿ ಎರಡು ಸಲ ಓಡಬೇಕಾಗುತ್ತದೆ. ಕೇಳಬೇಕಾದ್ದು ಇಷ್ಟು: ಒಂದೇ ಸಿಂಕ್ ನಿಂತಿದೆಯೋ, ಇಡೀ ಮನೆಯೋ? ನೆಲಮಹಡಿಯ ಬಚ್ಚಲಲ್ಲಿ ನೀರು ಮೇಲೆ ಬರುತ್ತಿದೆಯೇ? ಯಾರೂ ನೀರು ಬಳಸದಿದ್ದಾಗಲೂ ಏರುತ್ತಿದೆಯೇ? ಮಳೆ ಬರುತ್ತಿದೆಯೇ? ಅಕ್ಕಪಕ್ಕದ ಮನೆಯಲ್ಲೂ ಹೀಗೇ ಆಗಿದೆಯೇ?

ಮೂರನೆಯ ಪ್ರಶ್ನೆಯ ಮೇಲೆಯೇ ಬಹಳಷ್ಟು ನಿಂತಿದೆ. ನೀವು ನಲ್ಲಿ ತಿರುಗಿಸದೇ ಇದ್ದರೂ ನೀರು ಏರುತ್ತಿದ್ದರೆ ಅದು ಬೇರೆಯವರ ಮನೆಯ ನೀರು, ಅಂದರೆ ಕಟ್ಟಿಕೊಂಡಿರುವುದು ರಸ್ತೆಯ ಕೊಳವೆ. ಬಟ್ಟೆ ಒಗೆಯುವ ಯಂತ್ರ ನೀರು ಬಿಟ್ಟಾಗ ಮಾತ್ರ ಏರುತ್ತಿದ್ದರೆ ನಿಮ್ಮ ಮನೆಯ ಪೈಪು ಎಂದು ಶಂಕಿಸಬೇಕು.

ಇದನ್ನು ಖಚಿತ ಮಾಡಿಕೊಳ್ಳಲು ಮನೆಯ ಅಂಗಳದಲ್ಲಿರುವ ಸಣ್ಣ ಚೇಂಬರ್ ಸಾಕು. ಮುಚ್ಚಳ ಸರಿಸಿ, ಮೇಲೆ ಬಗ್ಗದೆ, ಪಕ್ಕದಲ್ಲಿ ನಿಂತು ನೋಡಿ. ತುಂಬಿ ನಿಂತಿದ್ದರೆ ತಡೆ ಇರುವುದು ಚೇಂಬರಿನಿಂದ ಆಚೆ, ರಸ್ತೆ ಕಡೆ. ಖಾಲಿಯಿದ್ದರೆ ತಡೆ ಇರುವುದು ಮನೆ ಮತ್ತು ಚೇಂಬರಿನ ನಡುವೆ. ಈ ಎರಡು ವಾಕ್ಯಗಳನ್ನು ಬಿಲ್ಲಿನ ಹಿಂಬದಿಯಲ್ಲಿ ಅಚ್ಚು ಹಾಕಿಸಿದರೂ ಎಷ್ಟೋ ಓಡಾಟ ತಪ್ಪುತ್ತದೆ.

ಬಾಡಿಗೆಮನೆ
ಚೇಂಬರ್ ತುಂಬಿ ನಿಂತಿದೆ ಅಂತಿಟ್ಟುಕೊಳ್ಳಿ. ಅಲ್ಲಿಂದ ರಸ್ತೆ ಕೊಳವೆಯವರೆಗಿನ ತುಂಡು ಯಾರ ಜವಾಬ್ದಾರಿ? ಕೇಳಿದ ಕಡೆಯೆಲ್ಲ ಬೇರೆ ಬೇರೆ ಉತ್ತರ ಬರುತ್ತೆ.

ಕೊಳವೆಮಾರ್ಗ
ನಿಯಮವೇ ಬೇರೆ ಬೇರೆ ಇರುವುದರಿಂದ ಉತ್ತರವೂ ಬೇರೆ. ಕೆಲವು ಮಂಡಳಿಗಳ ನಿಯಮದಲ್ಲಿ ಜಾಗದ ಗಡಿಯವರೆಗೆ ಮನೆ ಮಾಲೀಕರದು, ಅಲ್ಲಿಂದಾಚೆ ಮಂಡಳಿಯದು. ಇನ್ನು ಕೆಲವೆಡೆ ರಸ್ತೆಯ ಮುಖ್ಯ ಕೊಳವೆಗೆ ಸೇರುವ ತನಕ ಪೂರ್ತಿ ಮಾಲೀಕರದೇ. ಯಾವುದಾದರೂ ಇರಲಿ, ಒಂದು ಚಿತ್ರ ಬೇಕು: ಮನೆ, ಚೇಂಬರ್, ಗಡಿ, ರಸ್ತೆ ಕೊಳವೆ, ಎರಡು ಬಣ್ಣ. ಬಾಡಿಗೆಗೆ ಇರುವವರಿಗೆ ಬಿಲ್ ಕೈಗೆ ಬರದೇ ಇರಬಹುದು, ಹಾಗಾಗಿ ದೂರು ದಾಖಲಾದಾಗ ಹೋಗುವ ಸಂದೇಶದ ಜೊತೆಗೇ ಈ ಚಿತ್ರ ಹೋಗಬೇಕು.

ಈ ತುಂಡು ಕೆಡುವುದಕ್ಕೆ ಮಾಮೂಲಿ ಕಾರಣ ವಾಟ, ಅಂದರೆ ಇಳಿಜಾರು, ಸಾಲದಿರುವುದು. 100 ಮಿ.ಮೀ. ಪೈಪಿಗೆ 60ಕ್ಕೆ 1ರ ವಾಟ ಕೊಟ್ಟರೆ 12 ಮೀಟರಿಗೆ 20 ಸೆಂ.ಮೀ. ಇಳಿಯಬೇಕು. ಕಡಿಮೆಯಾದರೆ ಗಟ್ಟಿ ಪದಾರ್ಥ ಅಲ್ಲಲ್ಲೇ ಕೂರುತ್ತದೆ. ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳಬೇಕಾದರೆ ನೀರಿನ ವೇಗ ಸೆಕೆಂಡಿಗೆ 0.6 ಮೀಟರ್ ಆದರೂ ಬೇಕು. ಎರಡನೆಯ ಕಾರಣ ಬೇರು. ಜೋಡಣೆಯ ಕೂದಲೆಳೆಯಷ್ಟು ಸಂದಿಯಲ್ಲಿ ನುಸುಳಿದ ಬೇರು ಒಳಗೆ ಪೊರಕೆಯ ಹಾಗೆ ಹರಡಿಕೊಂಡು ಹೋಗಿದ್ದನ್ನೆಲ್ಲ ಹಿಡಿದಿಡುತ್ತದೆ.

ಕ್ಯಾಮೆರಾಕಣ್ಣು
ಅದಕ್ಕೇ ದೂರು ಮುಗಿದಾಗ ‘ಪರಿಹರಿಸಲಾಗಿದೆ’ ಅನ್ನುವ ಒಂದೇ ಪದದ ಸಂದೇಶ ಸಾಲದು ಅನ್ನೋದು. ಏನು ಸಿಕ್ಕಿತು ಅಂತ ಬರೆಯಿರಿ. ಜಿಡ್ಡು ಸಿಕ್ಕಿದ್ದರೆ ಆ ಕೊಳವೆ ಸಾಲನ್ನು ಇನ್ನೂ ಬೇಗ ಬೇಗ ತೊಳೆಯಬೇಕು, ಅದಕ್ಕೆ ನೀರು ಬಿಡುವ ಅಡುಗೆಮನೆಗಳಿಗೆ ತಿಳಿಸಬೇಕು. ಬೇರು ಸಿಕ್ಕಿದ್ದರೆ ಕತ್ತರಿಸಿದ್ದು ತಾತ್ಕಾಲಿಕ, ಆರರಿಂದ ಹನ್ನೆರಡು ತಿಂಗಳಲ್ಲಿ ಮತ್ತೆ ನೋಡಬೇಕು. ಪೈಪು ಜೋತು ಬಿದ್ದು ನೀರು ನಿಂತಿದ್ದರೆ ಎಷ್ಟು ತೊಳೆದರೂ ಅಷ್ಟೇ, ಅಗೆದು ಎತ್ತರಿಸಲೇಬೇಕು. ಮೂರಕ್ಕೂ ‘ಪರಿಹರಿಸಲಾಗಿದೆ’ ಅಂದುಬಿಟ್ಟರೆ ಮುಂದಿನ ಸಲ ಬರುವ ತಂಡಕ್ಕೂ ಗೊತ್ತಾಗೋದಿಲ್ಲ.

ಇನ್ನೊಂದು ವಿಷಯ, ಬೇರು ಕತ್ತರಿಸುವ ಯಂತ್ರ ಹಾಕುವ ಮೊದಲು ಕೊಳವೆಯೊಳಗೆ ಕ್ಯಾಮೆರಾ ಕಳಿಸಿ ನೋಡಿ. ನೆಲ ಅಗೆಯದೆ ಅಡ್ಡ ಕೊರೆದು ಹಾಕಿದ ಅನಿಲದ ಪೈಪು ಒಳಚರಂಡಿ ಪೈಪನ್ನು ತೂರಿಕೊಂಡು ಹೋಗಿರುವ ಪ್ರಕರಣಗಳು ಇವೆ. ಅದು ವರ್ಷಗಟ್ಟಲೆ ತಿಳಿಯದೇ ಇರುತ್ತದೆ. ಬ್ಲೇಡು ತಾಗಿದ ಕ್ಷಣ ಅನಿಲ ನೇರವಾಗಿ ಮನೆಯೊಳಗೆ ಬರುತ್ತದೆ. ಅನಿಲದ ಸಂಪರ್ಕ ನೆಲದಡಿ ಇರುವ ಬೀದಿಗಳಲ್ಲಿ ಖಾಸಗಿ ಪ್ಲಂಬರುಗಳಿಗೂ ಈ ಎಚ್ಚರಿಕೆ ತಲುಪಬೇಕು. ಇದನ್ನು ಮಂಡಳಿಯೇ ಮಾಡಬೇಕು, ಬೇರೆ ಯಾರೂ ಮಾಡುವುದಿಲ್ಲ.

ನೀರಿನಲೆಕ್ಕ
ಹೊಗೆ ಪರೀಕ್ಷೆಯ ಸೂಚನೆ ಬಗ್ಗೆ ಬರೆಯುತ್ತೇನೆ, ಅತಿ ಹೆಚ್ಚು ಗಾಬರಿ ಹುಟ್ಟುವುದು ಅಲ್ಲೇ.

ಮಳೆನೀರು ಎಲ್ಲಿಂದ ಒಳಚರಂಡಿಗೆ ಸೇರುತ್ತಿದೆ ಎಂದು ಹುಡುಕಲು ಮ್ಯಾನ್‌ಹೋಲಿನ ಬಾಯಿಗೆ ಊದುಯಂತ್ರ ಇಟ್ಟು ಕೊಳವೆಗೆ ಹೊಗೆ ತುಂಬುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲೆಲ್ಲ ಹೊಗೆ ಏಳುತ್ತದೆ. ಚಾವಣಿಯ ವೆಂಟಿನಿಂದ ಬಂದರೆ ಎಲ್ಲ ಸರಿಯಿದೆ ಎಂದರ್ಥ. ಮಳೆನೀರಿನ ಇಳಿಪೈಪಿನಿಂದ ಬಂದರೆ ಚಾವಣಿಯನ್ನು ಒಳಚರಂಡಿಗೆ ಸೇರಿಸಿದ್ದಾರೆ. ಅಂಗಳದ ಮಣ್ಣಿನಿಂದ ಬಂದರೆ ಪೈಪು ಒಡೆದಿದೆ. ಮನೆಯೊಳಗೆ ಬಂದರೆ ಟ್ರ್ಯಾಪ್ ಒಣಗಿದೆ ಅಥವಾ ಗೋಡೆಯೊಳಗಿನ ಜೋಡಣೆ ಬಿಟ್ಟಿದೆ. ಕೊನೆಯದು ಮನೆಯವರಿಗೂ ಗೊತ್ತಾಗಲೇಬೇಕಾದ ವಿಷಯ. ಹೊಗೆ ಬಂದ ದಾರಿಯಲ್ಲಿ ಕೊಳವೆಯ ಅನಿಲವೂ ದಿನಾ ಬರುತ್ತಿರುತ್ತದೆ.

ಹಾಗಾಗಿ ಸೂಚನೆ ಎರಡು ದಿನ ಮೊದಲು ಒಮ್ಮೆ, ಹಿಂದಿನ ಸಂಜೆ ಇನ್ನೊಮ್ಮೆ ಹೋಗಬೇಕು. ಬಳಸದ ಬಚ್ಚಲು, ಸಿಂಕ್, ನೆಲದ ಜಾಲರಿ ಎಲ್ಲಕ್ಕೂ ಒಂದೊಂದು ಲೀಟರ್ ನೀರು ಹಾಕಲು ಹೇಳಬೇಕು. ಟ್ರ್ಯಾಪಿನಲ್ಲಿ ನಿಲ್ಲುವ ನೀರು ಸಾಮಾನ್ಯವಾಗಿ 50 ಮಿ.ಮೀ. ಅಷ್ಟೇ, ಬಳಸದಿದ್ದರೆ ಕೆಲವು ವಾರಗಳಲ್ಲಿ ಆರಿಹೋಗುತ್ತದೆ. ಉಸಿರಾಟದ ತೊಂದರೆ ಇರುವವರು, ಹಾಸಿಗೆ ಹಿಡಿದವರು ಇರುವ ಮನೆಗಳು ಮೊದಲೇ ತಿಳಿಸಲಿ. ಅಗ್ನಿಶಾಮಕ ಠಾಣೆಗೆ ಬೀದಿಗಳ ಪಟ್ಟಿ ಕೊಟ್ಟಿರಬೇಕು. ‘ಹೊಗೆ ಒಳಗೆ ಬಂದರೆ ಕಿಟಕಿ ತೆರೆದು ಹೊರಗೆ ಬನ್ನಿ, ಹೊರಗಿರುವ ಸಿಬ್ಬಂದಿಗೆ ಯಾವ ಕೋಣೆ ಎಂದು ಹೇಳಿ’ ಎನ್ನುವ ಸಾಲು ದೊಡ್ಡ ಅಕ್ಷರದಲ್ಲಿರಲಿ.

ಚಾವಣಿ ನೀರಿಗೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎನ್ನುವವರಿಗೆ ಲೆಕ್ಕ ತೋರಿಸಿ. 100 ಚದರ ಮೀಟರ್ ಚಾವಣಿ, ಒಂದು ಗಂಟೆಯಲ್ಲಿ 25 ಮಿ.ಮೀ. ಮಳೆ: 2,500 ಲೀಟರ್. ಒಬ್ಬರು ದಿನಕ್ಕೆ 150 ಲೀಟರ್ ಒಳಚರಂಡಿಗೆ ಬಿಡುತ್ತಾರೆ ಎಂದಿಟ್ಟುಕೊಂಡರೆ ಹದಿನಾರು ಜನ ಇಡೀ ದಿನ ಬಿಡುವ ನೀರನ್ನು ಒಂದೇ ಚಾವಣಿ ಒಂದೇ ಗಂಟೆಯಲ್ಲಿ ಸುರಿಯುತ್ತದೆ. ಆ ನೀರು ಮೇಲೆ ಬರುವುದು ಅದೇ ಬೀದಿಯ ತಗ್ಗಿನ ಮನೆಯಲ್ಲಿ.

ಪಂಪ್‌ಹೌಸ್
ಇದೇ ರೀತಿಯ ಲೆಕ್ಕ ತಗ್ಗಿನ ಕೊಳಚೆಯನ್ನು ಎತ್ತಿ ಕಳಿಸುವ ಪಂಪ್‌ಹೌಸಿಗೂ ಬೇಕು. ಉದಾಹರಣೆಗೆ, ವಿದ್ಯುತ್ ಹೋಗಿ ಪಂಪು ನಿಂತಿದೆ, ಕೊಳಚೆ ಬಂದು ಸೇರುವ ಬಾವಿಗೆ ಸೆಕೆಂಡಿಗೆ 20 ಲೀಟರ್ ಬರುತ್ತಿದೆ, ಎಚ್ಚರಿಕೆ ಗಂಟೆ ಹೊಡೆಯುವ ಮಟ್ಟಕ್ಕೂ ಉಕ್ಕುವ ಮಟ್ಟಕ್ಕೂ ನಡುವೆ 36,000 ಲೀಟರ್ ಜಾಗ ಇದೆ ಅಂದುಕೊಳ್ಳಿ. 1,800 ಸೆಕೆಂಡ್, ಅಂದರೆ ಅರ್ಧ ಗಂಟೆ. ಜನರೇಟರ್ ಬರಲು 45 ನಿಮಿಷ ಬೇಕು ಅಂದರೆ ಉಕ್ಕುವುದು ಖಚಿತ. ಆದರೆ ಮೊದಲ ಐದು ನಿಮಿಷದಲ್ಲೇ ಆ ಬಡಾವಣೆಗೆ ‘ಮುಂದಿನ ಎರಡು ಗಂಟೆ ಸ್ನಾನ, ಬಟ್ಟೆ ಒಗೆಯುವುದು ಬೇಡ’ ಎಂದು ಸಂದೇಶ ಹೋಗಿ ಹರಿವು ಅರ್ಧಕ್ಕಿಳಿದರೆ ಹೆಚ್ಚುಕಡಿಮೆ ಇನ್ನೊಂದು ಅರ್ಧ ಗಂಟೆ ಸಿಗುತ್ತದೆ. ಇಲ್ಲಿ ಮಾಹಿತಿಯೇ ಒಂದು ಪಂಪಿನಷ್ಟು ಕೆಲಸ ಮಾಡುತ್ತದೆ. ಮಳೆ ಸುರಿಯುವಾಗ ಈ ಉಪಾಯ ನಡೆಯುವುದಿಲ್ಲ, ಬರುತ್ತಿರುವ ನೀರು ಮನೆಗಳದ್ದೇ ಆಗಿರುವುದಿಲ್ಲವಲ್ಲ.

ಸಂದೇಶವನ್ನು ಮೊದಲೇ ಬರೆದು ಒಪ್ಪಿಗೆ ಪಡೆದು ಇಟ್ಟಿರಬೇಕು. ಗಂಟೆ ಹೊಡೆದ ಮೇಲೆ ಮೇಲಧಿಕಾರಿಯ ಸಹಿಗೆ ಓಡಾಡುತ್ತಾ ಕೂತರೆ ಇರುವ ಅರ್ಧ ಗಂಟೆ ಅದರಲ್ಲೇ ಕಳೆದುಹೋಗುತ್ತದೆ. ಯಾವ ಪಂಪ್‌ಹೌಸಿಗೆ ಯಾವ ಮನೆಗಳ ನೀರು ಬರುತ್ತದೆ ಎನ್ನುವ ಪಟ್ಟಿಯೂ ಸಿದ್ಧವಿರಲಿ, ಊರಿಗೆಲ್ಲ ಕಳಿಸಿದರೆ ಮುಂದಿನ ಸಲ ಯಾರೂ ಓದುವುದಿಲ್ಲ.

ಪಂಪು ನಿಲ್ಲುವುದಕ್ಕೆ ವಿದ್ಯುತ್ ಒಂದೇ ಕಾರಣವಲ್ಲ. ಒದ್ದೆ ಒರೆಸುವ ಹಾಳೆಗಳು ಪಂಪಿನೊಳಗೆ ತಿರುಗುವ ಚಕ್ರಕ್ಕೆ (ಇಂಪೆಲ್ಲರ್) ಹಗ್ಗದ ಹಾಗೆ ಸುತ್ತಿಕೊಳ್ಳುತ್ತವೆ. ನೀರು ಏರಿದಾಗ ಪಂಪು ಶುರು ಮಾಡುವ ತೇಲು ಸ್ವಿಚ್ಚಿನ (ಫ್ಲೋಟ್) ಮೇಲೆ ಜಿಡ್ಡು ಕಟ್ಟಿ ಅದು ಓರೆಯಾಗಿ ನಿಂತರೆ ನೀರು ಏರಿದರೂ ಪಂಪು ಶುರುವಾಗುವುದಿಲ್ಲ.

ಪ್ರಯೋಗಶಾಲೆ
ಉಕ್ಕಿ ಹರಿದು ಹೊಳೆಗೋ ಕೆರೆಗೋ ಸೇರಿದಾಗ ಪರೀಕ್ಷಾ ವರದಿ ಬರುವವರೆಗೆ ಪ್ರಕಟಣೆ ಕೊಡದಿರುವುದು ಒಳ್ಳೆಯದು ಎಂಬ ವಾದ ಇದೆ. ಸುಮ್ಮನೆ ಜನರನ್ನು ಹೆದರಿಸಿದಂತಾಗುತ್ತದೆ, ಆಮೇಲೆ ವರದಿ ಚೆನ್ನಾಗಿ ಬಂದರೆ ಮಂಡಳಿಯ ಮಾತಿಗೆ ಬೆಲೆ ಹೋಗುತ್ತದೆ ಎನ್ನುವ ಆತಂಕ. ಪೂರ್ತಿ ತಳ್ಳಿಹಾಕುವಂಥದ್ದಲ್ಲ.

ಕೊಳವೆಮಾರ್ಗ
ಒಪ್ಪಲು ಆಗುವುದಿಲ್ಲ. ನೀರಿಗೆ ಮಲ ಸೇರಿದೆ ಎಂದು ತೋರಿಸುವ ಇ. ಕೋಲೈ ಬ್ಯಾಕ್ಟೀರಿಯಾ ಬೆಳೆಸಿ ಎಣಿಸಲು 18ರಿಂದ 24 ಗಂಟೆ ಬೇಕು. ಮಾದರಿ ತಂದ ಹೊತ್ತು, ವರದಿ ಬರೆಯುವ ಹೊತ್ತು ಸೇರಿದರೆ ಎರಡು ದಿನ. ಅಷ್ಟರಲ್ಲಿ ಮಕ್ಕಳು ಆ ನೀರಿನಲ್ಲಿ ಆಡಿ ಬಂದಿರುತ್ತಾರೆ. ಕೊಳಚೆ ಸೇರಿದೆ ಎನ್ನುವುದು ಕಣ್ಣಿಗೆ ಕಂಡಿರುವಾಗ ಎಚ್ಚರಿಕೆ ಮೊದಲು, ಅಳತೆ ಆಮೇಲೆ. ಇಂಗ್ಲೆಂಡಿನಲ್ಲಿ 2021ರ ಪರಿಸರ ಕಾಯ್ದೆ ಜೋರು ಮಳೆಗೆ ಕೊಳವೆ ತುಂಬಿದಾಗ ಕೊಳಚೆಯನ್ನು ಹೊರಬಿಡುವ ಉಕ್ಕುದ್ವಾರಗಳಿಂದ ನೀರು ಹೊರಬೀಳಲು ಶುರುವಾದ ಒಂದು ಗಂಟೆಯೊಳಗೆ ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ವಿಧಿಸಿದೆ. ವರದಿಗಾಗಿ ಕಾಯಿರಿ ಎಂದು ಹೇಳಿಲ್ಲ.

ಬೆಲೆ ಹೋಗುವುದು ಆಮೇಲೆ ಸುಮ್ಮನಾದಾಗ. ಮೊದಲ ಪ್ರಕಟಣೆಯಲ್ಲಿ ಎಲ್ಲಿ, ಯಾವಾಗಿನಿಂದ, ಹರಿವು ನಿಂತಿದೆಯೋ ಇಲ್ಲವೋ, ಯಾವ ಕಡೆ ಹೋಗುತ್ತಿದೆ, ಎಲ್ಲಿಂದ ಎಲ್ಲಿಯವರೆಗೆ ನೀರು ಮುಟ್ಟಬಾರದು, ಮುಂದಿನ ಮಾಹಿತಿ ಎಷ್ಟು ಗಂಟೆಗೆ ಎಂಬುದಿರಲಿ. ಆ ಗಂಟೆಗೆ ಹೊಸದೇನೂ ಇಲ್ಲದಿದ್ದರೂ ‘ಸ್ಥಿತಿ ಬದಲಾಗಿಲ್ಲ’ ಎಂದು ಹಾಕಿ. ನೀರು ಸರಿಹೋದ ಮೇಲೆ ‘ಈಗ ಇಳಿಯಬಹುದು’ ಎಂಬ ಪ್ರಕಟಣೆ ಬೇಕು, ಅದರಲ್ಲಿ ಅಂಕಿ ಬೇಕು, ದಡದಲ್ಲಿ ನೆಟ್ಟ ಫಲಕವನ್ನೂ ಅದೇ ದಿನ ಕೀಳಬೇಕು. ಹಳೆಯ ಫಲಕ ತಿಂಗಳುಗಟ್ಟಲೆ ನಿಂತರೆ ಹೊಸ ಫಲಕವನ್ನು ಯಾರು ನಂಬುತ್ತಾರೆ?

ಪ್ರಯೋಗಶಾಲೆ
ಫಲಕದ ಮಾತು ಸರಿ. ಹಾಗಾದರೆ ಮಾದರಿ ತೆಗೆಯುವಾಗ ಉಕ್ಕಿದ ಜಾಗಕ್ಕಿಂತ ಮೇಲಿನದ್ದೂ ಒಂದು ತೆಗೆಯಲಿ. ಮೇಲಿನಿಂದಲೇ ಕೊಳಕು ಬರುತ್ತಿದ್ದರೆ ಕೆಳಗಿನ ಅಂಕಿಯನ್ನು ಓದುವುದು ಹೇಗೆ? ಪ್ರಕಟಿಸುವಾಗ ಎರಡೂ ಅಕ್ಕಪಕ್ಕ ಇರಬೇಕು.

ಕಂಟ್ರೋಲ್‌ರೂಮ್
ಮನೆಯೊಳಗೇ ಕೊಳಚೆ ಬಂದಿದ್ದರೆ ಕಳಿಸುವ ಸಂದೇಶ ಬೇರೆ. ನೀರಿಗೆ ಕಾಲಿಡುವ ಮುಂಚೆ ವಿದ್ಯುತ್, ಒಣ ಜಾಗದಲ್ಲಿ ನಿಂತು ಮುಖ್ಯ ಸ್ವಿಚ್ ಆರಿಸಲು ಆದರೆ ಮಾತ್ರ ಆರಿಸಿ. ಏನನ್ನೂ ಎತ್ತಿಡುವ ಮೊದಲು ನೀರು ನಿಂತ ಮಟ್ಟ ಕಾಣುವಂತೆ ಫೋಟೊ ತೆಗೆಯಿರಿ, ಪರಿಹಾರ ಕೇಳುವುದಕ್ಕೆ ಅದೇ ಆಧಾರ. ನೆನೆದ ಹಾಸಿಗೆ, ರಟ್ಟು, ನೆಲಹಾಸು ಉಳಿಸಿಕೊಳ್ಳಲು ಹೋಗಬೇಡಿ. ನೆಲವನ್ನು ಮೊದಲು ಸೋಪಿನ ನೀರಿನಿಂದ ತೊಳೆಯಬೇಕು, ಕೊಳೆಯ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಯಲ್ಲೇ ಮುಗಿಯುತ್ತದೆ. ಆಮೇಲೆ ಶೇ. 5ರ ದ್ರವ ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ಆಮ್ಲ ಇರುವ ಶೌಚಾಲಯದ ಕ್ಲೀನರನ್ನು ಅದರ ಜೊತೆ ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಜೆಟ್ಟಿಂಗ್‌ಗಾಡಿ
ಇನ್ನೊಂದು ಸಾಲು ಪ್ರತಿ ಸೂಚನೆಯಲ್ಲೂ ಇರಲಿ: ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಯಾರೂ ತೆಗೀಬಾರದು, ಒಳಗೆ ಯಾರನ್ನೂ ಇಳಿಸಬಾರದು. ಒಳಗೆ ಹುಟ್ಟೋ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ನಾತ. ಗಾಳಿಯ ಹತ್ತು ಲಕ್ಷ ಭಾಗಕ್ಕೆ ಅದು 100 ಭಾಗದ ಹತ್ತಿರ ಹೋದರೆ ಮೂಗು ಸತ್ತುಹೋಗುತ್ತೆ, ನಾತವೇ ಗೊತ್ತಾಗಲ್ಲ. ಸಾವಿರ ದಾಟಿದರೆ ಒಂದೆರಡು ಉಸಿರಿಗೇ ಬೀಳ್ತಾರೆ. ಗಾಳಿಗಿಂತ ಭಾರ ಇರೋದ್ರಿಂದ ಅದು ಗುಂಡಿಯ ತಳದಲ್ಲೇ ಕೂತಿರುತ್ತೆ. ಬಿದ್ದವರನ್ನು ಎತ್ತೋಕೆ ಇಳಿದ ಎರಡನೆಯವರು, ಮೂರನೆಯವರೂ ಸಾಯೋದು ಹೀಗೇ. ‘ವಾಸನೆ ಇಲ್ಲ, ಇಳಿಯಬಹುದು’ ಅನ್ನೋ ಮಾತನ್ನು ಯಾರೂ ಯಾರಿಗೂ ಹೇಳಬಾರದು. ಮನೆಯವರು ಖಾಸಗಿಯಾಗಿ ಯಾರನ್ನೋ ಕರೆಸಿ ಇಳಿಸೋದಕ್ಕೆ ಮೂಲ ಕಾರಣ ಮಂಡಳಿಯ ಗಾಡಿ ಯಾವಾಗ ಬರುತ್ತೆ ಅಂತ ಗೊತ್ತಿಲ್ಲದಿರೋದು. ಬರುವ ಹೊತ್ತನ್ನು ಹೇಳಿಬಿಟ್ಟರೆ ಜೀವ ಉಳಿಯುತ್ತೆ.

ಬಾಡಿಗೆಮನೆ
‘ಫ್ಲಶ್ ಮಾಡಬಹುದು’ ಅಂತ ಪೊಟ್ಟಣದ ಮೇಲೇ ಬರೆದಿರುವ ಒರೆಸುವ ಹಾಳೆಗಳ ಬಗ್ಗೆ ಏನು ಹೇಳೋದು? ಜನ ಪೊಟ್ಟಣವನ್ನೇ ನಂಬ್ತಾರೆ.

ಪಂಪ್‌ಹೌಸ್
ಮಾತಿಗಿಂತ ಎರಡು ಬಾಟಲಿ ಸಾಕು. ಒಂದರಲ್ಲಿ ಶೌಚಾಲಯದ ಕಾಗದ, ಇನ್ನೊಂದರಲ್ಲಿ ಆ ಹಾಳೆ, ಎರಡಕ್ಕೂ ಅರ್ಧ ನೀರು, ಒಂದು ನಿಮಿಷ ಅಲುಗಾಡಿಸಿ. ಕಾಗದ ಗಂಜಿಯಾಗುತ್ತದೆ. ಹಾಳೆಗಳಲ್ಲಿ ಹೆಚ್ಚಿನವು ಹಿಂಡಿ ಮತ್ತೆ ಬಳಸುವಷ್ಟು ಗಟ್ಟಿಯಾಗಿ ಉಳಿಯುತ್ತವೆ. ಇಂಥ ಹಾಳೆಗಳೂ ಜಿಡ್ಡೂ ಸೇರಿ ಏನಾಗುತ್ತದೆ ಅನ್ನುವುದಕ್ಕೆ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಸಿಕ್ಕಿದ ಗಡ್ಡೆ ನೋಡಿ: 250 ಮೀಟರ್ ಉದ್ದ, ಸುಮಾರು 130 ಟನ್. ಅಡುಗೆ ಎಣ್ಣೆಯ ಜೊತೆ ಬಿಸಿನೀರು ಬಿಟ್ಟರೆ ಸರಿಹೋಗುತ್ತದೆ ಅನ್ನುವ ನಂಬಿಕೆಯನ್ನೂ ಬಿಡಿಸಬೇಕು. ಬಿಸಿನೀರು ಎಣ್ಣೆಯನ್ನು ನಿಮ್ಮ ಪೈಪು ದಾಟಿಸಿ ರಸ್ತೆ ಕೊಳವೆಯಲ್ಲಿ ತಣ್ಣಗಾಗಿಸುತ್ತದೆ, ಅಷ್ಟೇ.

ಕ್ಯಾಮೆರಾಕಣ್ಣು
ವಾರ್ಷಿಕ ವರದಿಯಲ್ಲಿ ನೂರು ಕಿ.ಮೀ. ಕೊಳವೆಗೆ ವರ್ಷಕ್ಕೆ ಎಷ್ಟು ಕಡೆ ಕಟ್ಟಿಕೊಂಡಿತು ಎಂಬ ಅಂಕಿ ಇದ್ದರೆ ಒಳ್ಳೆಯದು. ಅದರ ಜೊತೆ ಹನ್ನೆರಡು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಕಟ್ಟಿಕೊಂಡ ಜಾಗಗಳ ನಕ್ಷೆಯೂ ಇರಬೇಕು. ಸರಾಸರಿ ಚೆನ್ನಾಗಿ ಕಾಣುತ್ತಿದ್ದರೂ ಒಂದೇ ಬೀದಿಯವರು ಪದೇ ಪದೇ ನರಳುತ್ತಿರಬಹುದು.

ಬಾಡಿಗೆಮನೆ
ಕೊನೆಯದಾಗಿ: ಕಡಿಮೆ ಸಿಬ್ಬಂದಿ ಇರುವ ಮಂಡಳಿ ಎಲ್ಲ ಬಾಗಿಲಿಗೂ ಹೋಗೋಕೆ ಆಗಲ್ಲ. ತುರ್ತಿನಲ್ಲಿ ಮೊದಲು ಯಾರಿಗೆ ಹೇಳಬೇಕು? ಹಿಂತಡೆ ಕವಾಟ (ರಸ್ತೆ ಕೊಳವೆಯ ಕೊಳಚೆ ಮನೆಗೆ ವಾಪಸ್ ಬರದಂತೆ ಪೈಪಿಗೆ ಹಾಕೋದು) ಹಾಕಿಸಿಕೊಂಡವರನ್ನು ಬಿಟ್ಟುಬಿಡಬಹುದಾ?

ಕೊಳವೆಮಾರ್ಗ
ಮೊದಲು ತಗ್ಗಿನ ಮನೆಗಳಿಗೆ, ಮತ್ತು ಅದನ್ನು ಅಂದಾಜಿನಲ್ಲಿ ಹೇಳಬೇಕಿಲ್ಲ. ಪ್ರತಿ ಮ್ಯಾನ್‌ಹೋಲಿನ ಮುಚ್ಚಳದ ಮಟ್ಟ ಮಂಡಳಿಯ ನಕ್ಷೆಯಲ್ಲೇ ಇರುತ್ತದೆ. ಕೊಳವೆ ಕಟ್ಟಿಕೊಂಡರೆ ನೀರು ಮೇಲ್ಗಡೆಯ ಮ್ಯಾನ್‌ಹೋಲಿನ ಮುಚ್ಚಳದಿಂದ ಹೊರಬೀಳುವ ತನಕ ಏರುತ್ತಲೇ ಇರುತ್ತದೆ. ಆ ಮುಚ್ಚಳಕ್ಕಿಂತ ಕೆಳಗೆ ಯಾವ ಮನೆಯ ಕಮೋಡು, ಬಚ್ಚಲು ಇದೆಯೋ ಅಲ್ಲಿ ಮೊದಲು ಉಕ್ಕುತ್ತದೆ. ಈ ಮನೆಗಳ ಪಟ್ಟಿ ಮಾಡಿ, ಮನೆ ಸಂಖ್ಯೆ, ಎರಡು ಫೋನ್ ಸಂಖ್ಯೆ, ನೆಲಮಾಳಿಗೆಯಲ್ಲಿ ಯಾರಾದರೂ ಮಲಗುತ್ತಾರೆಯೇ ಎಂಬುದನ್ನು ಬರೆದಿಡಿ. ಸಂದೇಶಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಆ ಬಾಗಿಲನ್ನು ಹೋಗಿ ತಟ್ಟಬೇಕು. ಬಾಡಿಗೆಯವರು ಬದಲಾಗುತ್ತಿರುತ್ತಾರೆ, ವರ್ಷಕ್ಕೆ ಎರಡು ಸಲವಾದರೂ ಪಟ್ಟಿ ತಿದ್ದಬೇಕು.

ಕವಾಟ ಇರುವವರನ್ನೂ ಬಿಡಬೇಡಿ. ಕವಾಟದೊಳಗಿನ ಮುಚ್ಚುವ ರೆಕ್ಕೆಯ ಅಂಚಿಗೆ ಒಂದು ಬಟ್ಟೆಯ ಚೂರು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಆರು ತಿಂಗಳಿಗೊಮ್ಮೆ ಬಿಚ್ಚಿ ಜಿಡ್ಡು ಒರೆಸಿ, ರಬ್ಬರ್ ಮೆದುತನ ಕಳೆದುಕೊಂಡು ಗಟ್ಟಿಯಾಗಿಬಿಟ್ಟಿದೆಯೇ ನೋಡಬೇಕು. ಅದು ಸರಿಯಾಗಿ ಮುಚ್ಚಿದರೂ ಇನ್ನೊಂದು ತೊಂದರೆ ಇದೆ. ಮನೆಯ ಮುಖ್ಯ ಪೈಪಿಗೇ ಕವಾಟ ಹಾಕಿದ್ದರೆ ಮೇಲಿನ ಮಹಡಿಯವರು ಸ್ನಾನ ಮಾಡಿದ ನೀರು ಹೊರಗೆ ಹೋಗಲಾರದೆ ಕೆಳಗಿನ ಬಚ್ಚಲಲ್ಲಿ ಏಳುತ್ತದೆ. ತಗ್ಗಿನ ಕವಲಿಗೆ ಮಾತ್ರ ಹಾಕಿ, ಮೇಲಿನ ಮಹಡಿಗಳ ಪೈಪನ್ನು ಕವಾಟ ದಾಟಿಸಿ ಸೇರಿಸಿದ್ದರೆ ಈ ತೊಂದರೆ ಇಲ್ಲ. ಹೇಗೆ ಹಾಕಿದ್ದಾರೆ ಎಂದು ಮಂಡಳಿಗೆ ಗೊತ್ತಿಲ್ಲದ ಮನೆಗಳಿಗೆ ‘ನಾವು ಮತ್ತೆ ತಿಳಿಸುವವರೆಗೆ ಯಾವ ಮಹಡಿಯಲ್ಲೂ ನೀರು ಬಿಡಬೇಡಿ’ ಎಂದೇ ಹೇಳಬೇಕಾಗುತ್ತದೆ.